ಹಸಿರಿನ ಪೂರ್ವವೃತ್ತಾಂತ



ಮೂಡಿಗೆರೆಯಿಂದ ಕಳಸದತ್ತ ಸಾಗುವ ದಾರಿಯಲ್ಲಿ, ಕಾಫಿಗಿಡಗಳ ಮಿರುಗುವ ಗಾಢ ಹಸಿರನ್ನೂ, ಅವಕ್ಕೆ ನೆರಳೀಯುವ ಸಿಲ್ವರ್ ಓಕಿನ ಬೂದುಹಸಿರನ್ನೂ, ಅವೆಲ್ಲಕ್ಕೂ ಆಚೆ ಕುದುರೆಮುಖದ ಶ್ರೇಣಿಯಲ್ಲಿ ನೀಲಿಗೆ ತಿರುಗುವ ಹಸಿರನ್ನೂ ಜಲವರ್ಣದಲ್ಲಿ ಹಿಡಿಯಹೊರಟ ನಾನು, ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಸಿದ್ಧ ಹಸಿರನ್ನು ನಂಬಿ ಎರಡು ವರ್ಷ ಕಾಗದವನ್ನು ವ್ಯರ್ಥಗೊಳಿಸಿದೆನು. ನಾನು ಬರೆದ ಬೆಟ್ಟಗಳು ಹೊಸದಾಗಿ ಬಣ್ಣ ಬಳಿದ ಬಾಗಿಲುಗಳಂತೆ ತೋರುತ್ತಿದ್ದುವು.

ಹೂಕರನ ಹಸಿರೆಂಬ ಆ ಬಣ್ಣದ ಮೂಲವನ್ನರಸಿದಾಗ, ಅದು ಸ್ವತಂತ್ರ ವರ್ಣವೇ ಅಲ್ಲವೆಂದು ತಿಳಿಯಿತು. ಇಂಗ್ಲೆಂಡಿನ ಸಸ್ಯಚಿತ್ರಕಾರ ವಿಲಿಯಂ ಹೂಕರನ ಹೆಸರು ಹೊತ್ತ ಅದು, ಹದಿನೆಂಟನೆಯ ಶತಮಾನದ ಆದಿಯಲ್ಲಿ ಬರ್ಲಿನ್ ನಗರದಲ್ಲಿ ಆಕಸ್ಮಿಕವಾಗಿ ಹುಟ್ಟಿದ ಪ್ರಷ್ಯನ್ ನೀಲಿಯೂ ಗ್ಯಾಂಬೋಜ್ ಎಂಬ ಹಳದಿ ಮರದಂಟೂ ಕೂಡಿದ ಬೆರಕೆ. ಆ ಅಂಟನ್ನೀಯುವ ಮರಗಳು ನಮ್ಮ ಘಟ್ಟದ ಉಪ್ಪಾಗೆ, ಮುರುಗಲುಗಳ ಬಂಧುಗಳು; ಮೈಸೂರಿನ ಚಿತ್ರಗಾರರು ಅದನ್ನೇ ಮಕ್ಕಿಯೆಂದು ಕರೆದು, ಸಫೇದವೆಂಬ ಬಿಳಿಬಣ್ಣದೊಡನೆ ಅರೆದು, ಚಿನ್ನದ ರೇಕಿನ ಅಡಿಯ ಉಬ್ಬುಗೆಲಸಕ್ಕೆ ಬಳಸುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ, ನೀಲಿಗೆ ಹರಿತಾಳವೆಂಬ ಹಳದಿ ಬೆರೆತರೆ ಹಸಿರಾಗುವುದೆಂದು ಹೇಳಿಯೇ ಇದ್ದಾನೆ. ಹರಿತಾಳವು ಪಾಷಾಣ, ಕುಂಚವನ್ನು ತುಟಿಯಲ್ಲಿ ಚೂಪುಗೊಳಿಸುವ ದುರಭ್ಯಾಸವುಳ್ಳ ನನಗೆ ಅದು ಸಲ್ಲದು. ಆದರೆ ಆತನ ಸೂತ್ರ ಸಂದಿತು.

ಚಿತ್ರಕಾರನು ಬಣ್ಣವನ್ನು ತಾನೇ ಅರೆಯುವ ಶ್ರಮವನ್ನು ಲಂಡನ್ನಿನ ರೀವ್ಸ್ ಸಹೋದರರ ಬಿಲ್ಲೆಗಳು ಹದಿನೆಂಟನೆಯ ಶತಮಾನದ ಕೊನೆಗೆ ತಪ್ಪಿಸಿದುವು. 1841ರಲ್ಲಿ ಜಾನ್ ರ‍್ಯಾಂಡನ ಬಣ್ಣ ತುಂಬುವ ತವರದ ಕೊಳವೆ ಬಂದಿತು. ಸೌಕರ್ಯ ಹೆಚ್ಚಿತು, ಬೆರೆಸುವ ತಾಳ್ಮೆ ಕುಗ್ಗಿತು ಎಂದೇ ನನ್ನ ಎಣಿಕೆ. ಆ ತಾಳ್ಮೆ ನನಗೂ ಇರಲಿಲ್ಲ; ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಕೆ. ವೆಂಕಟಪ್ಪನವರು ರಚಿಸಿದ ಉದಕಮಂಡಲ, ಕೊಡೈಕೆನಾಲುಗಳ ದೃಶ್ಯಗಳನ್ನು ನೋಡಿದ ಮೇಲೆಯೇ, ಮಂಜಿಗೂ ಬೆಟ್ಟಕ್ಕೂ ನಡುವೆ ಎಷ್ಟು ಹಸಿರುಗಳಿವೆಯೆಂಬುದು ನನ್ನ ಕಣ್ಣಿಗೆ ಬಿದ್ದುದು.

ಉಳಿದದ್ದನ್ನು ಕಲಿಸಿದ್ದು ಮಣ್ಣು. ಭದ್ರಾವತಿಯ ಕಬ್ಬಿಣದ ಕುಲುಮೆಗೆ ಅದಿರನ್ನೊದಗಿಸಿದ ನಮ್ಮ ಕೆಮ್ಮಣ್ಣುಗುಂಡಿಯ ಕೆಂಪೂ, ಚಿತ್ರಕಾರನ ಕಾವಿಯೂ ಮೂಲತಃ ಕಬ್ಬಿಣದ ತುಕ್ಕೇ. ನೀಲಿ ಹಳದಿಗಳ ಬೆರಕೆಗೆ ಒಂದು ಹನಿ ಕಾವಿ ಬಿದ್ದೊಡನೆ ಹಸಿರಿನ ಹುಸಿಹೊಳಪು ಅಡಗಿ, ಮಳೆಯಲ್ಲಿ ನೆನೆದ ತೋಟವು ಕಾಗದದ ಮೇಲೆ ಮೂಡಿತು. ಆಷಾಢದ ತೇವದಲ್ಲಿ ಅದು ಒಣಗಲು ಅರ್ಧ ದಿನ ಹಿಡಿಯಿತೆಂಬುದು ಬೇರೆ ಮಾತು.

ಈಗ ನನ್ನ ಪೆಟ್ಟಿಗೆಯಲ್ಲಿರುವುವು ನಾಲ್ಕೇ ಬಣ್ಣಗಳು: ನೀಲಿ, ಮಕ್ಕಿಯ ಹಳದಿ, ಗೋಪಿಯೆಂಬ ಹಳದಿಮಣ್ಣು, ಕಾವಿ. ಹಸಿರು ಇಲ್ಲ.