ನಕಲು ಆಟಗಳ ಅಸಲು ಕಸುಬು



ಜಪಾನಿನ ಟೈಟೊ ಕಂಪನಿ 1978ರಲ್ಲಿ ಹೊರತಂದ 'ಸ್ಪೇಸ್ ಇನ್ವೇಡರ್ಸ್' ಎಂಬ ಆರ್ಕೇಡ್ ಆಟದಲ್ಲಿ 55 ಶತ್ರುಗಳು ಸಾಲುಗಟ್ಟಿ ಇಳಿದು ಬರುತ್ತವೆ. ಸತ್ತವು ಹೆಚ್ಚಿದಂತೆ ಉಳಿದವು ಚುರುಕಾಗುತ್ತವೆ. ಆಟದ ವಿನ್ಯಾಸಕ ತೊಮೊಹಿರೊ ನಿಶಿಕಾಡೊ ಬಳಸಿದ ಇಂಟೆಲ್ 8080 ಪ್ರೊಸೆಸರ್‌ಗೆ ಅಷ್ಟನ್ನೂ ವೇಗವಾಗಿ ಸರಿಸುವ ತಾಕತ್ತಿರಲಿಲ್ಲ. ಗುಂಪು ಕರಗಿ ಹೊರೆ ಇಳಿದಾಗ ಆಟ ತಾನಾಗಿ ಓಡತೊಡಗಿತು. ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು. ಯಂತ್ರದ ಬಡತನ ಅಸಲು ಆಟದಲ್ಲೇ ಹೀಗೆ ಕೆಲಸ ಮಾಡಿದೆ ಎಂದಮೇಲೆ ಆರ್ಕೇಡ್ ಆಟಗಳಿಗೆ ಮನೆಯ ಕಂಪ್ಯೂಟರಿನಲ್ಲಿ ಬಂದ ನಕಲುಗಳನ್ನು ಬರೀ ಕಳ್ಳಮಾಲು ಎಂದು ಬದಿಗಿಡುವುದು ಅವಸರದ ತೀರ್ಪು.

ಮರುವರ್ಷ ಬಂದ ನಾಮ್ಕೊದ 'ಗ್ಯಾಲಾಕ್ಸಿಯನ್'ಗೆ ಬಣ್ಣದ ಚಿತ್ರಗಳನ್ನು ಸರಿಸಲೆಂದೇ ಪ್ರತ್ಯೇಕ ಸರ್ಕ್ಯೂಟ್‌ಗಳಿದ್ದವು. ಮನೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವಿರಲಿಲ್ಲ. ಟಿಆರ್‌ಎಸ್-80ರ ಪರದೆಯಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 48 ಕಪ್ಪುಬಿಳುಪು ಚೌಕಗಳಷ್ಟೆ. ಬ್ರಿಟನ್ನಿನ ಝಡ್‌ಎಕ್ಸ್81ಕ್ಕೆ ಬಣ್ಣವೂ ಇಲ್ಲ, ದನಿಯೂ ಇಲ್ಲ. ಕೊಂಡಾಗ ಇದ್ದ ಮೆಮೊರಿ ಒಂದೇ ಕಿಲೋಬೈಟ್.

ಬಿಬಿಸಿ ಮೈಕ್ರೊ ಇವುಗಳಿಗಿಂತ ಅನುಕೂಲಸ್ಥ. (ಭಾರತ ಸರ್ಕಾರದ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೂ ಬಂದದ್ದು ಇದೇ ಯಂತ್ರ.) ಆದರೂ ಅದರ ಮಾಡೆಲ್ ಬಿಯ 32 ಕಿಲೋಬೈಟ್‌ನಲ್ಲಿ ಹೆಚ್ಚು ಬಣ್ಣದ ಪರದೆಯೊಂದೇ 20 ಕಿಲೋಬೈಟ್ ನುಂಗುತ್ತಿತ್ತು. ಉಳಿದದ್ದರಲ್ಲಿ ಆಟ, ಚಿತ್ರ, ಸದ್ದು ಎಲ್ಲವೂ ಹಿಡಿಸಬೇಕು. ಪ್ರೋಗ್ರಾಮರ್‌ಗಳು ಎಕ್ಸ್‌ಕ್ಲೂಸಿವ್-ಆರ್ ಲೆಕ್ಕದ ಮೊರೆಹೋದರು: ಚಿತ್ರವನ್ನು ಒಮ್ಮೆ ಬರೆದರೆ ಮೂಡುತ್ತದೆ, ಅದೇ ಜಾಗದಲ್ಲಿ ಮತ್ತೊಮ್ಮೆ ಬರೆದರೆ ಅಳಿಯುತ್ತದೆ, ಹಿನ್ನೆಲೆ ಕೆಡುವುದಿಲ್ಲ. ಹಿನ್ನೆಲೆಯ ಪ್ರತಿ ಇಟ್ಟುಕೊಳ್ಳುವ ಮೆಮೊರಿಯೂ ಉಳಿಯಿತು. ಇಂಥ ಇಕ್ಕಟ್ಟಿನಲ್ಲೇ ನೀಲ್ ರೇನ್ ಎಂಬ ಪ್ರೋಗ್ರಾಮರ್ 1982ರಲ್ಲಿ ಈ ಯಂತ್ರಕ್ಕೆ ಬರೆದ, 'ಡಿಫೆಂಡರ್' ಎಂಬ ಆರ್ಕೇಡ್ ಆಟದ ನಕಲು ಬಳಿಕ ಹೆಸರು ಬದಲಿಸಿ 'ಪ್ಲಾನೆಟಾಯ್ಡ್' ಆಯಿತು.

ಇನ್ನೊಂದು ತಮಾಷೆ ನೋಡಿ. ಪರವಾನಗಿ ಪಡೆದೇ 1980ರಲ್ಲಿ ಬಂದ ಅಟಾರಿ ಕನ್ಸೋಲಿನ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಶತ್ರುಗಳು 36 ಮಾತ್ರ!

ಕಾನೂನು ಎಲ್ಲಿ ಗೆರೆ ಎಳೆಯಿತು? ಅಟಾರಿಯ 'ಆಸ್ಟರಾಯ್ಡ್ಸ್' ಮತ್ತು ಅದನ್ನು ಹೋಲುವ 'ಮೀಟಿಯರ್ಸ್' ಎಂಬ ಆರ್ಕೇಡ್ ಆಟದ ನಡುವೆ 22 ಹೋಲಿಕೆಗಳನ್ನು ಪಟ್ಟಿಮಾಡಿದ ಅಮೆರಿಕದ ಮೇರಿಲ್ಯಾಂಡ್ ನ್ಯಾಯಾಲಯ, 1981ರಲ್ಲಿ ಕೃತಿಚೌರ್ಯವಾಗಿಲ್ಲ ಎಂದಿತು. ಬಂಡೆಗಳಿಗೆ ಗುಂಡು ಹೊಡೆಯುವ ಕಲ್ಪನೆ ಯಾರ ಸ್ವತ್ತೂ ಅಲ್ಲವೆಂಬುದು ಅದರ ನಿಲುವು.

ಪ್ರೋಗ್ರಾಮರ್ ಜೆಫ್ ಮಿಂಟರ್ ಅವರ ಕಥೆ ಇನ್ನೂ ಸ್ವಾರಸ್ಯದ್ದು. ವಿಐಸಿ-20 ಕಂಪ್ಯೂಟರಿಗೆ 1982ರಲ್ಲಿ 'ಡಿಫೆಂಡರ್' ಅನ್ನು ಅನುಕರಿಸುತ್ತ ಅವರು ಮನುಷ್ಯರ ಬದಲು ಲಾಮಾಗಳನ್ನು ಕಾಪಾಡುವ ಹೊಣೆಯನ್ನು ಆಟಗಾರರಿಗೆ ವಹಿಸಿದರು. ಅದೇ ವರ್ಷ, ಅದೇ ಪುಟ್ಟ ಯಂತ್ರಕ್ಕೆ, 'ಗ್ರಿಡ್‌ರನ್ನರ್' ಎಂಬ ತಮ್ಮದೇ ಛಾಪಿನ ಆಟ ಬರೆದರು. ಅನುಕರಣೆಯಲ್ಲಿ ಕೈ ಪಳಗಿತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಆಟಗಳಲ್ಲಿ ಹಲವು ಹಂಚಿಕೆಯಾದದ್ದು ಆಡಿಯೊ ಕ್ಯಾಸೆಟ್‌ಗಳಲ್ಲಿ. ಆ ಟೇಪುಗಳಿಗೆ ವಯಸ್ಸಾಗುತ್ತಿದೆ. ಅವು ಹಾಳಾಗುವ ಮೊದಲೇ, ಪ್ರಬಂಧ ಮಂಡಿಸುವವರು ಪರದೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಷ್ಟಕ್ಕೆ ನಿಲ್ಲದೆ, ಒಳಗಿನ ಕೋಡನ್ನು ತೆರೆದು, ಏನನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಓದಿ ತೋರಿಸಬೇಕೆಂಬುದು ಈ ಸಂಕಿರಣದ ಕೋರಿಕೆ.