ಯಂತ್ರದ ಮೇಲೆ ಹತ್ತು ರಾಗ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಗೀತದ ವಿಷಯವಾಗಿ ಮಾತನಾಡಲು ನನ್ನನ್ನು ನಿಲ್ಲಿಸಿರುವುದು ನಮ್ಮ ಕಾರ್ಯದರ್ಶಿಗಳ ಸಾಹಸವೇ ಸರಿ. ನಾನು ಬ್ಯಾಂಕಿನ ಗುಮಾಸ್ತ. ಜಮಾ ಯಾವುದು, ಖರ್ಚು ಯಾವುದು ಎಂದು ಕೇಳಿದರೆ ಹೇಳಬಲ್ಲೆನೇ ಹೊರತು ವಾದಿ ಯಾವುದು, ಸಂವಾದಿ ಯಾವುದು ಎಂದು ಕೇಳಿದರೆ ತಡವರಿಸುತ್ತೇನೆ. ಮುಂದಿನ ಸಾಲಿನಲ್ಲಿ ಸಂಗೀತ ಬಲ್ಲವರು ಕುಳಿತಿದ್ದೀರಿ; ನಾನು ಎಡವಿದಲ್ಲಿ ಕೈಹಿಡಿದು ನಡೆಸಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಆದರೂ ಈ ವಿಷಯವನ್ನು ನಾನಾಗಿಯೇ ಕೇಳಿ ಪಡೆದೆ. ಅದಕ್ಕೊಂದು ಕಾರಣವುಂಟು, ಅದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ನಾನು ಹೇಳಹೊರಟಿರುವುದು ನಾವು ಬದುಕುತ್ತಿರುವ ಇದೇ ಮುಂಬಯಿಯ ಒಬ್ಬ ಕಲಾವಿದನ ಕಥೆ. ಅವರ ಹೆಸರು ಚರಣ್‌ಜಿತ್ ಸಿಂಗ್. ಕನ್ನಡಿಗರಲ್ಲ, ನಮ್ಮ ಹಾಗೆಯೇ ಈ ಊರಿನ ಅನ್ನದ ಋಣದಲ್ಲಿದ್ದವರು. ಅವರು ನುಡಿಸುತ್ತಿದ್ದುದು ವಿದ್ಯುತ್ ವಾದ್ಯಗಳನ್ನು.

ವಿದ್ಯುತ್ ವಾದ್ಯವೆಂದ ಕೂಡಲೆ ನಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದುಂಟು. ‘ಇದೆಲ್ಲ ಈಗಿನ ಹುಡುಗರ ಹುಚ್ಚು’ ಎನ್ನುತ್ತಾರೆ. ಅಂಥವರಿಗೆ ನನ್ನದೊಂದು ಪ್ರಶ್ನೆ. ೧೯೫೪ರ ‘ನಾಗಿನ್’ ಚಿತ್ರದ ಪುಂಗಿಯ ನಾದವನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಊರ ಜಾತ್ರೆಯಿಂದ ಮದುವೆಯ ದಿಬ್ಬಣದ ವರೆಗೆ ಅದು ಮೊಳಗಿತು. ಆದರೆ ಅದು ಪುಂಗಿಯೇ ಅಲ್ಲ! ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದ ಮೇಲೆ ಕಲ್ಯಾಣ್‌ಜಿಯವರು ಬೆರಳಾಡಿಸಿ ಹುಟ್ಟಿಸಿದ ನಾದವದು. ಆಗ ಯಾರೂ ಹುಬ್ಬು ಗಂಟಿಕ್ಕಲಿಲ್ಲ, ತಲೆದೂಗಿದರು. ಆದುದರಿಂದ ಈ ಹುಚ್ಚಿಗೆ ಈಗ ಎಪ್ಪತ್ತು ವರ್ಷ ಮೀರಿದ ವಯಸ್ಸು.

ಚರಣ್‌ಜಿತ್ ಸಿಂಗರು ೧೯೬೦ರ ದಶಕದಿಂದ ಚಲನಚಿತ್ರಗಳ ವಾದ್ಯವೃಂದದಲ್ಲಿ ದುಡಿದವರು. ಶಂಕರ್-ಜೈಕಿಶನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್, ಆರ್. ಡಿ. ಬರ್ಮನ್ ಮೊದಲಾದ ಸಂಗೀತ ನಿರ್ದೇಶಕರ ಕೈಕೆಳಗೆ ಬೇಸ್ ಗಿಟಾರ್ ಮೊದಲಾದ ವಾದ್ಯಗಳನ್ನು ನುಡಿಸಿದರು. ೧೯೭೧ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದ ‘ದಮ್ ಮಾರೋ ದಮ್’ ಹಾಡಿನಲ್ಲಿ ಮಂಪರು ಕವಿಸುವಂಥ ಒಂದು ಗುಂಗು ನಾದ ಕೇಳುತ್ತದೆಯಷ್ಟೆ? ಅದು ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್ನಿನ ಮೇಲೆ ಅವರು ನುಡಿಸಿದ್ದು. ಹಾಡು ಮನೆಮಾತಾಯಿತು. ಹಾಡಿದವರ ಹೆಸರು, ನಟಿಸಿದವರ ಹೆಸರು ಎಲ್ಲರಿಗೂ ತಿಳಿಯಿತು. ನುಡಿಸಿದವರ ಹೆಸರನ್ನು ಯಾರು ಕೇಳಿದರು?

ಇಂಥ ಕಲಾವಿದರ ಜೀವನಕ್ರಮವನ್ನು ತಾವು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಅವರಿಗೆ ತಿಂಗಳ ಸಂಬಳವಿಲ್ಲ. ಕರೆ ಬಂದ ದಿನ ಕೂಲಿ. ಬಾರದ ದಿನ ಉಪವಾಸವಲ್ಲದಿದ್ದರೂ ಚಿಂತೆ. ಹಗಲು ಸ್ಟುಡಿಯೋ, ಸಂಜೆ ಮದುವೆಯ ಆರತಕ್ಷತೆ ಅಥವಾ ಹೋಟೆಲಿನ ವೇದಿಕೆ. ಸಿಂಗರೂ ತಮ್ಮದೇ ಆರ್ಕೆಸ್ಟ್ರಾ ಕಟ್ಟಿಕೊಂಡು ಮದುವೆಗಳಲ್ಲಿ ನುಡಿಸಿದರು. ಚಿತ್ರಗೀತೆಗಳನ್ನು ವಾದ್ಯದಲ್ಲಿ ನುಡಿಸಿ ರೆಕಾರ್ಡುಗಳನ್ನೂ ಕೊಟ್ಟರು. ಮದುವೆಯ ಮನೆಯಲ್ಲಿ ವಾದ್ಯದವರ ಪಾಡು ತಾವು ಬಲ್ಲಿರಿ. ಜನ ಊಟದ ಕಡೆ ಮುಖ ಮಾಡಿರುತ್ತಾರೆ. ಇವರು ಬೆನ್ನುಗಳಿಗೆ ನುಡಿಸಬೇಕು. ಹಾಗೆಂದು ಶ್ರುತಿ ತಪ್ಪಿಸುವಂತಿಲ್ಲ.

ಇಂಥ ದುಡಿಮೆಯ ನಡುವೆ ಸಿಂಗರು ಸಿಂಗಪುರದಿಂದ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ತಂದರು. ಒಂದು, ಜೂಪಿಟರ್ ೮ ಎಂಬ ಸಿಂಥಸೈಸರ್. ಹಾರ್ಮೋನಿಯಮ್ಮಿನಂತೆ ಮನೆಗಳಿದ್ದು ಬೆರಳಿನಿಂದ ನುಡಿಸುವಂಥದು. ಎರಡನೆಯದು, ಟಿಆರ್ ೮೦೮. ಇದು ತಾಳದ ಪೆಟ್ಟಿಗೆ. ಇದರ ಡೋಲು ತಮಟೆಗಳೆಲ್ಲ ಒಳಗಿನ ವಿದ್ಯುತ್ ಮಂಡಲದಲ್ಲೇ ಹುಟ್ಟುವ ಸದ್ದುಗಳು. ಮೂರನೆಯದು, ಟಿಬಿ ೩೦೩. ಒಂಟಿ ಗಿಟಾರ್ ವಾದಕನಿಗೆ ಜೊತೆಯಾಗಿ ಮಂದ್ರಸ್ವರಗಳನ್ನು ನುಡಿಸಲೆಂದು ಮಾಡಿದ ಸಣ್ಣ ಪೆಟ್ಟಿಗೆ. ಇದಕ್ಕೆ ಸ್ವರಗಳನ್ನು ಒಂದೊಂದಾಗಿ ಮೊದಲೇ ಕಲಿಸಬೇಕು. ಹದಿನಾರು ಹೆಜ್ಜೆಗಳ ಒಂದು ಆವರ್ತ. ನಮ್ಮ ತೀನ್‌ತಾಲದ ಹದಿನಾರು ಮಾತ್ರೆಗಳೆಂದೇ ತಿಳಿಯಿರಿ. ಯಾವ ಹೆಜ್ಜೆಗೆ ಯಾವ ಸ್ವರ, ಎಲ್ಲಿ ಒತ್ತು, ಎಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು ಎಂಬುದನ್ನೆಲ್ಲ ಗುಂಡಿ ಒತ್ತಿ ಹೇಳಿಕೊಟ್ಟರೆ ಅದು ಬೇಸರವಿಲ್ಲದೆ ಸುತ್ತುತ್ತಿರುತ್ತದೆ.

ಆ ಜಾರುವ ಗುಣವೇ ಮುಖ್ಯ. ನಮ್ಮ ಸಂಗೀತದ ಜೀವ ಸ್ವರದಲ್ಲಿರುವುದಕ್ಕಿಂತ ಹೆಚ್ಚಾಗಿ ಎರಡು ಸ್ವರಗಳ ನಡುವಿನ ದಾರಿಯಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಹಾರ್ಮೋನಿಯಂ ಆ ದಾರಿ ತೋರಲಾರದು. ಗಮಕದ ಸೂಕ್ಷ್ಮವೆಲ್ಲ ಯಂತ್ರಕ್ಕೆ ಬಂತೆಂದು ನಾನು ಹೇಳುವುದಿಲ್ಲ. ಆದರೆ ಅದರ ಒಂದು ಎಳೆ ಈ ಸಣ್ಣ ಪೆಟ್ಟಿಗೆಯಲ್ಲಿತ್ತು.

೧೯೮೨ರಲ್ಲಿ ಎಲ್ಲೆಲ್ಲೂ ಡಿಸ್ಕೋದ ಅಬ್ಬರ. ಆ ತಾಳವನ್ನೇ ಇಟ್ಟುಕೊಂಡು ಅದರ ಮೇಲೆ ಶುದ್ಧವಾಗಿ ರಾಗಗಳನ್ನು ನುಡಿಸಿದರೆ ಹೇಗೆ ಎಂದು ಸಿಂಗರಿಗೆ ತೋರಿತು. ತಬಲವಿಲ್ಲ, ಸಿತಾರ್ ಇಲ್ಲ, ಹಾಡುವವರಿಲ್ಲ. ಒಬ್ಬ ಮನುಷ್ಯ, ಮೂರು ಯಂತ್ರ. ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ್, ಯಮನ್, ಕಲಾವತಿ, ಮಾಲಕಂಸ್, ಬೈರಾಗಿ ಎಂಬ ಹತ್ತು ರಾಗಗಳನ್ನು ನುಡಿಸಿದರು. ಎಚ್.ಎಂ.ವಿ. ಕಂಪನಿ ರೆಕಾರ್ಡನ್ನು ಹೊರತಂದಿತು. ಅದರ ಇಂಗ್ಲಿಷ್ ಹೆಸರಿನ ಭಾವ ‘ಡಿಸ್ಕೋ ತಾಳಕ್ಕೆ ಹತ್ತು ರಾಗಗಳು’ ಎಂದು. ನಾನು ಕೇಳಿದ್ದೇನೆ. ಭೂಪಾಲಿ ಬಂದಾಗ ನಮ್ಮ ಮೋಹನವೆಂದೂ, ಮಾಲಕಂಸ್ ಬಂದಾಗ ನಮ್ಮ ಹಿಂದೋಳವೆಂದೂ ಪಾಮರನಾದ ನನಗೂ ಗುರುತು ಸಿಕ್ಕಿತು. ಕೆಳಗೆ ಯಂತ್ರ ಎಡೆಬಿಡದೆ ಓಡುತ್ತಿರುತ್ತದೆ. ಮೇಲೆ ರಾಗ ತನ್ನ ಪಾಡಿಗೆ ಅರಳುತ್ತಿರುತ್ತದೆ.

ಆಮೇಲೇನಾಯಿತು? ಏನೂ ಆಗಲಿಲ್ಲ. ರೆಕಾರ್ಡು ಮಾರಾಟವಾಗಲಿಲ್ಲ. ಶಾಸ್ತ್ರೀಯದವರಿಗೆ ಅದು ಡಿಸ್ಕೋ. ಡಿಸ್ಕೋದವರಿಗೆ ಅದು ಶಾಸ್ತ್ರೀಯ. ಸಿಂಗರು ಯಾರನ್ನೂ ದೂರುತ್ತ ಕುಳಿತವರಲ್ಲ. ಮತ್ತೆ ತಮ್ಮ ಕಾಯಕಕ್ಕೆ, ಮದುವೆಯ ವೇದಿಕೆಗೆ ಹಿಂತಿರುಗಿದರು. ವಿಚಿತ್ರವೆಂದರೆ ಆ ಟಿಬಿ ೩೦೩ ಯಂತ್ರವೂ ಮಾರಾಟವಾಗದೆ ಕಂಪನಿ ೧೯೮೪ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಹೀಗೆ ಅಗ್ಗವಾದ ಹಳೆಯ ಪೆಟ್ಟಿಗೆಗಳು ಅಮೆರಿಕದ ಶಿಕಾಗೋ ನಗರದ ಬಡ ಹುಡುಗರ ಕೈಗೆ ಬಂದವು. ೧೯೮೭ರಲ್ಲಿ ಅಲ್ಲಿ ಫ್ಯೂಚರ್ ಎಂಬ ತಂಡ ಅದೇ ಯಂತ್ರದಿಂದ ಒಂದು ರೆಕಾರ್ಡು ಮಾಡಿತು; ‘ಆ್ಯಸಿಡ್ ಹೌಸ್’ ಎಂಬ ಹೊಸ ನೃತ್ಯಸಂಗೀತದ ಪ್ರಕಾರ ಜಗತ್ತಿಗೆಲ್ಲ ಹಬ್ಬಿತು.

೨೦೦೨ರಲ್ಲಿ ಎಡೋ ಬೌಮನ್ ಎಂಬ ಡಚ್ ಗೃಹಸ್ಥರು ದಿಲ್ಲಿಯ ಅಂಗಡಿಯೊಂದರಲ್ಲಿ ಸಿಂಗರ ರೆಕಾರ್ಡನ್ನು ಕಂಡು ಬೆರಗಾದರು. ಕಲಾವಿದರನ್ನು ಮುಂಬಯಿಯಲ್ಲಿ ಹುಡುಕಿಕೊಂಡು ಬಂದರು. ೨೦೧೦ರಲ್ಲಿ ಅದನ್ನು ಮತ್ತೆ ಪ್ರಕಟಿಸಿದರು. ಶಿಕಾಗೋದವರಿಗಿಂತ ಐದು ವರ್ಷ ಮೊದಲೇ ಇದು ಮುಂಬಯಿಯಲ್ಲಿ ಹುಟ್ಟಿತೇ ಎಂದು ಪತ್ರಿಕೆಗಳು ಕೊಂಡಾಡಿದವು. ಇಲ್ಲಿ ನಾವು ಹೆಮ್ಮೆಯಿಂದ ಹದ ಮೀರಬಾರದು. ಶಿಕಾಗೋದ ಹುಡುಗರು ಇವರಿಂದ ಕಲಿತರೆಂಬುದಕ್ಕೆ ಆಧಾರವಿಲ್ಲ. ಒಂದೇ ಮಳೆಗೆ ಎರಡು ಹೊಲಗಳಲ್ಲಿ ಎರಡು ಬಗೆಯ ಪೈರು ಬಂದಂತೆ ಇದು. ಅದೇನೇ ಇರಲಿ, ಎಪ್ಪತ್ತರ ಹೊಸ್ತಿಲು ದಾಟಿದ ಮೇಲೆ ಸಿಂಗರು ಯೂರೋಪಿನ ವೇದಿಕೆಗಳ ಮೇಲೆ ಆ ಹಳೆಯ ರಾಗಗಳನ್ನು ನುಡಿಸಿದರು. ಅವರ ಮೊಮ್ಮಕ್ಕಳ ವಯಸ್ಸಿನವರು ನಿಂತು ಕೇಳಿದರು. ೨೦೧೫ರ ಜುಲೈಯಲ್ಲಿ ತೀರಿಕೊಂಡರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹೇಳಿ ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ‘ಯಂತ್ರ ಬಂದು ಮನುಷ್ಯರ ಅನ್ನ ಕಸಿಯಿತಲ್ಲವೇ?’ ಎಂದು ಹಿರಿಯರೊಬ್ಬರು ಕೇಳಿದರು. ಮಾತು ಸುಳ್ಳಲ್ಲ. ಸಾಲು ಸಾಲು ಪಿಟೀಲುಗಳು ಕೂರುತ್ತಿದ್ದ ಸ್ಟುಡಿಯೋದಲ್ಲಿ ಒಂದು ಸಿಂಥಸೈಸರ್ ಬಂದು ಕುಳಿತ ಮೇಲೆ ಎಷ್ಟೋ ಜನ ಒಳ್ಳೆಯ ವಾದಕರು ಕರೆಯಿಲ್ಲದೆ ಮನೆಯಲ್ಲಿ ಉಳಿದರು. ಆ ನೋವನ್ನು ಮುಚ್ಚಿಡಬಾರದು. ಆದರೆ ಅನ್ನ ಕಸಿದುದು ಖರ್ಚು ಉಳಿಸುವ ಲೆಕ್ಕಾಚಾರ; ನಾನು ಲೆಕ್ಕದವನಾದುದರಿಂದ ಬಲ್ಲೆ. ಯಂತ್ರದ ಮುಂದೆ ಕುಳಿತು ಒಂದು ರಾಗಕ್ಕಾಗಿ ತಪಸ್ಸು ಮಾಡಿದವನ ಮೇಲೆ ಆ ತಪ್ಪನ್ನು ಹೊರಿಸುವುದು ನ್ಯಾಯವಲ್ಲ.

ಯಾವ ವಾದ್ಯ ನಮ್ಮದು, ಯಾವುದು ಪರರದು ಎಂಬ ವಾದವೂ ಹೊಸದಲ್ಲ. ಹಾರ್ಮೋನಿಯಂ ಪರದೇಶದಿಂದ ಬಂದುದು. ೧೯೪೦ರಿಂದ ೧೯೭೧ರ ವರೆಗೆ ಆಕಾಶವಾಣಿ ಅದನ್ನು ದೂರವಿಟ್ಟಿತ್ತು. ಆದರೆ ನಮ್ಮ ಹುಬ್ಬಳ್ಳಿ ಧಾರವಾಡಗಳ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಿಲ್ಲದೆ ಪರದೆ ಏಳುತ್ತಿತ್ತೇ? ಪಿಟೀಲೂ ಪರದೇಶದ್ದೇ, ಮೈಸೂರಿನ ಚೌಡಯ್ಯನವರು ದೊಡ್ಡ ಸಭೆಗೆ ನಾದ ಮುಟ್ಟಲೆಂದು ಅದಕ್ಕೆ ಏಳು ತಂತಿ ಹೂಡಿದರು. ಬೆಂಗಳೂರಿನಲ್ಲಿ ವೇಣುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣರು ವಿದ್ಯುತ್ ತಂಬೂರಿಯನ್ನು ತಯಾರಿಸಿದರು. ಇಂದು ನಮ್ಮ ಮಕ್ಕಳ ಸಂಗೀತದ ಪಾಠ ಅಂಥ ಪೆಟ್ಟಿಗೆಯ ಶ್ರುತಿಯ ಮೇಲೆಯೇ ನಡೆಯುತ್ತಿದೆ. ಶ್ರುತಿಗೆ ಯಂತ್ರ ಆಗಬಹುದು, ಹಾಡಿಗೆ ಆಗದು ಎಂದರೆ ಹೇಗೆ?

ಈಗ ಮೊದಲು ಹೇಳಿದ ಅರಿಕೆ. ಎರಡು ವರ್ಷದ ಹಿಂದೆ ನಮ್ಮ ರಾಜ್ಯೋತ್ಸವದಲ್ಲಿ ನಮ್ಮವರದೇ ಮನೆಯ ಒಬ್ಬ ಹುಡುಗನಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದೆವು. ಹಗಲು ಜಾಹೀರಾತುಗಳಿಗೆ ಹಿನ್ನೆಲೆ ಸಂಗೀತ ಜೋಡಿಸಿ ಹೊಟ್ಟೆ ಹೊರೆಯುವ ಹುಡುಗ. ರಾತ್ರಿ ತನ್ನ ಸಂಗೀತ. ಅವನು ರಜೆಯಲ್ಲಿ ಊರಿಗೆ ಹೋಗಿ ತನ್ನ ಆಯಿ ಹಾಡುವ ಬೀಸುವ ಪದವನ್ನು ಮುದ್ರಿಸಿಕೊಂಡು ಬಂದಿದ್ದ. ಬೀಸುವ ಕಲ್ಲಿನ ಗುರುಗುರು ಸದ್ದಿನಿಂದಲೇ ತಾಳ ಕಟ್ಟಿದ್ದ. ಆ ದಿನ ಸ್ವಾಗತ, ಸನ್ಮಾನ, ಹಾರತುರಾಯಿಗಳಲ್ಲಿ ಹೊತ್ತು ಮೀರಿತು. ಸಮಯಪಾಲಕನಾಗಿ ಗಂಟೆ ಹಿಡಿದು ಕುಳಿತವನು ನಾನು. ಹುಡುಗ ಆರಂಭಿಸಿ ಏಳು ನಿಮಿಷವಾಗಿತ್ತು. ಎಲೆ ಹಾಕಿದ್ದಾರೆ ಎಂಬ ಸುದ್ದಿ ಬಂತು. ನಾನು ಗಂಟೆ ಹೊಡೆದೆ. ‘ಅಂಕಲ್, ಆಯಿಯ ಪದ ಇನ್ನೂ ಬಂದಿಲ್ಲ’ ಎಂದ. ನಾನು ಎರಡನೆಯ ಸಲ ಹೊಡೆದೆ. ಅವನು ತಂತಿ ಸುತ್ತಿಕೊಂಡು ಇಳಿದ.

ಮೂರನೆಯ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಅಜ್ಜಿಯೊಬ್ಬರು ಕುಳಿತಿದ್ದರು. ಎಲ್ಲರೂ ಊಟಕ್ಕೆದ್ದರೂ ಅವರು ಏಳಲಿಲ್ಲ. ನನ್ನನ್ನು ಕರೆದು, ‘ತಮ್ಮಾ, ನನ್ನ ಪದಾ ಯಾವಾಗ ಬರ್ತೈತಿ?’ ಎಂದು ಕೇಳಿದರು. ನಾನೇನು ಉತ್ತರ ಹೇಳಿದೆನೆಂಬುದು ನನಗೇ ನೆನಪಿಲ್ಲ. ಆ ಹುಡುಗ ಮತ್ತೆ ನಮ್ಮ ಸಂಘಕ್ಕೆ ಬಂದಿಲ್ಲ. ಅಂಧೇರಿ, ಬಾಂದ್ರಾಗಳ ಸಣ್ಣ ಸಭಾಂಗಣಗಳಲ್ಲಿ ಕನ್ನಡ ಬಾರದವರ ಮುಂದೆ ಅದೇ ಬೀಸುವ ಪದವನ್ನು ನುಡಿಸುತ್ತಾನೆಂದು ಕೇಳುತ್ತೇನೆ. ಅವರು ಕೊನೆಯ ವರೆಗೆ ಕೇಳುತ್ತಾರಂತೆ.

ಸಿಂಗರನ್ನು ಗುರುತಿಸಲು ಡಚ್ ಗೃಹಸ್ಥರು ಬರಬೇಕಾಯಿತು. ಅದಕ್ಕೆ ಮುಂಬಯಿಯನ್ನು ದೂರುವುದು ಸುಲಭ. ಆದರೆ ನನ್ನ ಕೈಯಲ್ಲಿ ಗಂಟೆಯಿತ್ತು. ಆದಕಾರಣ ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ ಇಷ್ಟೆ: ಬರುವ ರಾಜ್ಯೋತ್ಸವದಲ್ಲಿ ಆ ಹುಡುಗನಿಗೆ ಸನ್ಮಾನಗಳಿಗಿಂತ ಮೊದಲು ಮೂವತ್ತು ನಿಮಿಷ ಕೊಡೋಣ, ಆಹ್ವಾನ ಪತ್ರಿಕೆಯಲ್ಲಿ ಅವನ ಹೆಸರನ್ನು ಅಚ್ಚು ಹಾಕಿಸೋಣ, ಧ್ವನಿವರ್ಧಕದವರನ್ನು ಒಂದು ಗಂಟೆ ಮುಂಚೆ ಕರೆಸೋಣ, ಸಂಭಾವನೆಯನ್ನು ಅಂದೇ, ಲಕೋಟೆಯಲ್ಲಿ, ವೇದಿಕೆಯಿಂದ ಇಳಿಯುವ ಮೊದಲು ಕೊಡೋಣ. ಅವನು ಬರುತ್ತಾನೋ ಇಲ್ಲವೋ ನಾನರಿಯೆ. ಕರೆಯಲು ನಾನೇ ಅವನ ಮನೆಗೆ ಹೋಗುತ್ತೇನೆ. ಅಜ್ಜಿ ಊರಿನಲ್ಲಿ ಆರೋಗ್ಯವಾಗಿದ್ದಾರಂತೆ. ಅವರಿಗೂ ಒಂದು ಟಿಕೆಟ್ಟು ತೆಗೆಸುವ ಭಾರ ನನ್ನದು.



ಸಿರಿಗನ್ನಡಂ ಗೆಲ್ಗೆ.