ತುಡಿತದ ಅಲೆ

ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದುಕೊಳ್ಳದೆ ನೀವು ಎಷ್ಟು ಹೊತ್ತು ಇರಬಲ್ಲಿರಿ? ಇಂದು ರಾತ್ರಿ ಒಮ್ಮೆ ಪ್ರಯತ್ನಿಸಿ ನೋಡಿ. ಕೈ ತಾನಾಗಿಯೇ ಅತ್ತ ಹೋಗುತ್ತದೆ. ಅದನ್ನು ತಡೆದು, ತುರಿಕೆಯನ್ನೇ ಗಮನಿಸುತ್ತ ಕುಳಿತರೆ ಅದು ಏರುತ್ತದೆ, ಇನ್ನು ತಾಳಲಾರೆ ಎನ್ನಿಸುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಮೊದಲ ಸಲ ನಾನು ಸೋತೆ, ಮುಚ್ಚಿಡುವುದೇಕೆ! ಈ ಚಿಕ್ಕ ಪರೀಕ್ಷೆಗೂ ಅಫೀಮಿನ ಜಾತಿಯ ಮಾದಕಗಳಿಗೆ ದಾಸರಾದವರ ಚಿಕಿತ್ಸೆಗೂ ಹತ್ತಿರದ ಸಂಬಂಧವಿದೆ.

ಅಫೀಮು ಎಂದರೆ ಗಸಗಸೆ ಗಿಡದ ಹಸಿಕಾಯಿಯ ಹಾಲು. ಮಾರ್ಫೀನ್ ಅದರಿಂದ ಬಂದದ್ದು, ಹೆರಾಯಿನ್ ಮಾರ್ಫೀನಿನಿಂದ. ನೋವಿಗೆಂದು ವೈದ್ಯರು ಬರೆದುಕೊಡುವ ಟ್ರಮಡಾಲ್ ಕೂಡ ಇದೇ ಕುಟುಂಬದ್ದು. ಮೆದುಳು ತಾನೇ ತಯಾರಿಸುವ ನೋವುಶಾಮಕಗಳ ಜಾಗವನ್ನು ಇವು ಆಕ್ರಮಿಸುತ್ತವೆ. ದಿನ ಕಳೆದಂತೆ ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಿಲ್ಲಿಸಿದರೆ ಮೈಕೈ ನೋವು, ಮೂಗು ಸೋರುವುದು, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಹೆರಾಯಿನ್ ಬಿಟ್ಟವರ ಈ ಯಾತನೆ ಸುಮಾರು ಒಂದು ವಾರದಲ್ಲಿ ತಗ್ಗುತ್ತದೆ. ತಗ್ಗದೆ ಉಳಿಯುವುದು ತುಡಿತ. ಹಳೆಯ ಗೆಳೆಯ, ಹಳೆಯ ಬೀದಿ, ಜೇಬಿನಲ್ಲಿ ಒಂದಿಷ್ಟು ಹಣ, ಇಷ್ಟು ಸಾಕು. ತಿಂಗಳುಗಳ ನಂತರವೂ ಅದು ಎದ್ದು ಬರುತ್ತದೆ. ನಮ್ಮ ದೇಶದಲ್ಲಿ ಸುಮಾರು 2.26 ಕೋಟಿ ಜನ ಈ ಪದಾರ್ಥಗಳನ್ನು ಬಳಸುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳಿತು.

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಈ ತುಡಿತವನ್ನು ಕಡಲ ಅಲೆಗೆ ಹೋಲಿಸಿದರು. ಅಲೆಗೆ ಎದೆಯೊಡ್ಡಿದರೆ ಅದು ಕೆಡವುತ್ತದೆ. ಹಲಗೆಯ ಮೇಲೆ ನಿಂತು ಅದರೊಡನೆ ಸಾಗಿದರೆ ದಡಕ್ಕೆ ತಂದು ಬಿಡುತ್ತದೆ. ಉಸಿರು ಎಲ್ಲಿ ಬಿಗಿಯಿತು, ಹೊಟ್ಟೆಯಲ್ಲಿ ಏನಾಯಿತು ಎಂದು ಸುಮ್ಮನೆ ಗಮನಿಸುವುದೇ ಆ ಹಲಗೆ. ಇದಕ್ಕೆ ಸಾವಧಾನದ ತರಬೇತಿ ಎನ್ನೋಣ. ಅವಧಾನ ಎಂದೊಡನೆ ನಮಗೆ ಶತಾವಧಾನಿಗಳ ನೆನಪಾಗುತ್ತದೆ, ಆದರೆ ಇಲ್ಲಿ ಬೇಕಾದದ್ದು ನೂರಲ್ಲ, ಒಂದೇ! ಇದರ ಬೇರು ಬೌದ್ಧರ ಧ್ಯಾನ ಪದ್ಧತಿಯಲ್ಲಿದೆ.

ಇದು ಬರಿಯ ಮಾತೇ ಎಂದು ನೀವು ಕೇಳಬಹುದು, ಕೇಳಲೇಬೇಕು. ಯೂಟಾ ವಿಶ್ವವಿದ್ಯಾಲಯದ ಎರಿಕ್ ಗಾರ್ಲೆಂಡ್ ಮತ್ತು ಸಂಗಡಿಗರು 250 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಎಲ್ಲರೂ ದೀರ್ಘಕಾಲದ ನೋವಿಗೆಂದು ಮಾತ್ರೆ ಹಿಡಿದು, ದುರ್ಬಳಕೆಗೆ ಜಾರಿದವರು. ಒಂದು ಗುಂಪಿಗೆ ಎಂಟು ವಾರ, ವಾರಕ್ಕೆ ಎರಡು ಗಂಟೆ ಸಾವಧಾನದ ಪಾಠ. ಇನ್ನೊಂದಕ್ಕೆ ಅಷ್ಟೇ ಹೊತ್ತು ಸಾಂತ್ವನದ ಮಾತುಕತೆ. ಮಾತ್ರೆ ನುಂಗುವ ಮುನ್ನ ಮೂರು ನಿಮಿಷ ನಿಂತು, ಇದು ನೋವಿಗೋ ತುಡಿತಕ್ಕೋ ಎಂದು ತನ್ನನ್ನೇ ಕೇಳಿಕೊಳ್ಳುವುದು ಪಾಠದ ಒಂದು ಭಾಗ. ಹೂವಿನಂಥ ಸಾಮಾನ್ಯ ಸುಖವನ್ನು ಮತ್ತೆ ಸವಿಯಲು ಕಲಿಯುವುದು ಇನ್ನೊಂದು, ಏಕೆಂದರೆ ಚಟ ಮೊದಲು ಕಸಿಯುವುದೇ ಅದನ್ನು. ಒಂಬತ್ತು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ಶೇಕಡಾ 45ರಷ್ಟು ಜನ ದುರ್ಬಳಕೆ ಬಿಟ್ಟಿದ್ದರು, ಎರಡನೆಯದರಲ್ಲಿ ಸುಮಾರು 24. ಗಮನಿಸಿ, ಮೊದಲ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟಿರಲಿಲ್ಲ.

ಆದ್ದರಿಂದ ಧ್ಯಾನವೊಂದೇ ಸಾಕು ಎನ್ನುವವರನ್ನು ನಂಬಬೇಡಿ. ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಗಳು ಸಾವನ್ನು ತಡೆಯುತ್ತವೆ. ಸಾವಧಾನ ಅವುಗಳ ಜೊತೆಗಿರಬೇಕಾದದ್ದು. ಕೆಲವು ವಾರ ಬಿಟ್ಟಿದ್ದವನ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ. ಒಮ್ಮೆ ಜಾರಿ ಅಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಮನೆಗೆ ಮರಳಿದ ಮಗನನ್ನು ಗುಣವಾಯಿತೆಂದು ಔಷಧ ಬಿಡಿಸುವ ತಂದೆತಾಯಿಗಳಿಗೆ ಇದು ತಿಳಿದಿರುವುದಿಲ್ಲ, ನೀವು ತಿಳಿಸಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರು 14446ಕ್ಕೆ ಫೋನ್ ಮಾಡಬಹುದು, ಕರೆಗೆ ಹಣವಿಲ್ಲ. ಗೆಳೆಯನ ಪರವಾಗಿ ನೀವೂ ಮಾಡಬಹುದು.